ಯುದ್ಧಕಾಲದ ವಾಹನ ವಶಪಡಿಕೆ ಮತ್ತು ಶ್ರಾವಕನ ಲೆಕ್ಕ

ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಣರಂಗ, ಸೇನಾನಿ, ಜಯ ಮತ್ತು ಅಪಜಯ. ಆದರೆ ಸೇನೆಯೊಂದು ಬೀಡಿನಿಂದ ಹೊರಡಬೇಕಾದರೆ ಮೊದಲು ಬೇಕಾಗುವುದು ಧಾನ್ಯ ಹೊರುವ ಎತ್ತು, ಸಾಮಾನು ಎಳೆಯುವ ಬಂಡಿ, ಏರಲು ಕುದುರೆ. ಇಪ್ಪತ್ತನೆಯ ಶತಮಾನದಿಂದೀಚೆಗೆ ಇವುಗಳ ಸ್ಥಾನದಲ್ಲಿ ಲಾರಿ, ಹಡಗು, ವಿಮಾನಗಳು ಬಂದಿವೆ. ಯಾವ ಅರಸನ ಲಾಯದಲ್ಲಿಯೂ, ಯಾವ ಸರ್ಕಾರದ ಉಗ್ರಾಣದಲ್ಲಿಯೂ ಇವು ಬೇಕಾದಷ್ಟು ಇರುವುದಿಲ್ಲ. ಅವು ಇರುವುದು ವ್ಯಾಪಾರಿಯ ಹಿತ್ತಲಿನಲ್ಲಿ, ಒಕ್ಕಲಿಗನ ಕೊಟ್ಟಿಗೆಯಲ್ಲಿ, ಸಾಗಣೆದಾರನ ಅಂಗಳದಲ್ಲಿ. ಆದುದರಿಂದ ಪ್ರತಿಯೊಂದು ಯುದ್ಧವೂ ಗಡಿಯನ್ನು ಮುಟ್ಟುವ ಮೊದಲು ಮನೆತನದ ವ್ಯಾಪಾರವನ್ನು ಮುಟ್ಟುತ್ತದೆ.

ಈ ಸಂಗತಿ ನಮ್ಮ ಸಮಾಜಕ್ಕೆ ಎರಡು ಪ್ರಶ್ನೆಗಳನ್ನು ಒಡ್ಡುತ್ತದೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಕಳವು, ಅದೇ ಅದತ್ತಾದಾನ ಎಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಹಾಗಾದರೆ ರಾಜ್ಯವು ಸಂಕಟದ ಕಾಲದಲ್ಲಿ ವರ್ತಕನ ಬಂಡಿಯನ್ನು ಅವನ ಇಚ್ಛೆಯನ್ನು ಕೇಳದೆ ಒಯ್ದರೆ ಅದನ್ನು ಏನೆಂದು ಕರೆಯಬೇಕು? ಇದು ಮೊದಲನೆಯದು. ಹೀಗೆ ಒಯ್ದಾಗ ವ್ರತಧಾರಿಯಾದ ಶ್ರಾವಕನು ನಡೆದುಕೊಳ್ಳಬೇಕಾದ ಬಗೆ ಯಾವುದು? ಇದು ಎರಡನೆಯದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಇತಿಹಾಸವನ್ನು ಮುಂದಿಟ್ಟುಕೊಂಡು ಈ ಎರಡನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆನಂದ ಶ್ರಾವಕನ ಬಂಡಿಗಳು

ವಾಹನಗಳನ್ನು ಎಣಿಸಿ ಬರೆದಿಡುವ ಪದ್ಧತಿ ಸರ್ಕಾರಗಳಿಂದ ಆರಂಭವಾದುದೆಂದು ನಾವು ಭಾವಿಸುತ್ತೇವೆ. ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗ ಸೂತ್ರದಲ್ಲಿ ಬರುವ ಆನಂದನೆಂಬ ಗೃಹಸ್ಥನ ಕಥೆ ಬೇರೆಯದನ್ನೇ ತಿಳಿಸುತ್ತದೆ. ವಾಣಿಜ್ಯಗ್ರಾಮದ ಈ ಶ್ರೀಮಂತನು ಭಗವಾನ್ ಮಹಾವೀರರ ಬಳಿ ಅಣುವ್ರತಗಳನ್ನು ಸ್ವೀಕರಿಸುವಾಗ ತನ್ನ ಸಂಪತ್ತಿಗೆಲ್ಲ ಮಿತಿ ಹಾಕಿಕೊಂಡನು. ತಲಾ ಹತ್ತು ಸಾವಿರ ದನಗಳ ನಾಲ್ಕು ಹಿಂಡು, ದೂರ ಪ್ರಯಾಣಕ್ಕೆ ೫೦೦ ಬಂಡಿ, ಸಾಮಾನು ಸಾಗಣೆಗೆ ೫೦೦ ಬಂಡಿ. ನಾವೆಗಳಿಗೂ ಹೀಗೆಯೇ ಲೆಕ್ಕ. ಇದಕ್ಕೆ ಮೀರಿದುದು ತನಗೆ ಬೇಡವೆಂದು ಪ್ರತಿಜ್ಞೆ ಮಾಡಿದನು. ಸಂಖ್ಯೆ ದೊಡ್ಡದಾಗಿರಬಹುದು, ಮುಖ್ಯವಾದುದು ಅವನು ಎಣಿಸಿದನೆಂಬುದು, ತಾನಾಗಿಯೇ ಎಣಿಸಿದನೆಂಬುದು.

ದಿಗಂಬರ ಪರಂಪರೆಯಲ್ಲಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲಿಗೆ ಇಟ್ಟಿರುವುದು ಅತಿವಾಹನವನ್ನು. ಕೊನೆಗೆ ಇಟ್ಟಿರುವುದು ಅತಿಭಾರವಹನವನ್ನು. ಲಾಭದ ಆಸೆಯಿಂದ ಎತ್ತು ಕುದುರೆಗಳನ್ನು ಶಕ್ತಿ ಮೀರಿ ಓಡಿಸುವುದು, ಮಿತಿ ಮೀರಿ ಹೊರಿಸುವುದು ಇವುಗಳ ಅರ್ಥ. ಪ್ರಾಣಿಯ ಮೇಲಿನ ಹೊರೆಯನ್ನು ಅಹಿಂಸೆಯ ಪ್ರಕರಣದಲ್ಲಿ ಹೇಳುವುದು ಸಹಜ. ತತ್ತ್ವಾರ್ಥಸೂತ್ರದಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಅಹಿಂಸಾಣುವ್ರತದ ಅತಿಚಾರಗಳಾಗಿಯೇ ಇವೆ. ಸಮಂತಭದ್ರರು ಅದನ್ನು ಸಂಪತ್ತಿನ ಪ್ರಕರಣಕ್ಕೂ ತಂದರು. ಬಂಡಿ ಓಡಿಸುವವನ ಲೋಭವೇ ಎತ್ತಿನ ಕೊರಳಿನ ನೊಗವಾಗುತ್ತದೆಂಬುದನ್ನು ಅವರು ಕಂಡಿದ್ದರು. ಬಂಡಿ ಮಾಡುವ, ಬಂಡಿಯನ್ನು ಬಾಡಿಗೆಗೆ ಬಿಡುವ ಉದ್ಯೋಗಗಳನ್ನು ಶ್ರಾವಕನು ಎಚ್ಚರದಿಂದ ನೋಡಬೇಕೆಂದು ಹದಿನೈದು ಕರ್ಮಾದಾನಗಳಲ್ಲಿ ಶಕಟಕರ್ಮ, ಭಾಟಕಕರ್ಮ ಎಂದು ಹೆಸರಿಸಿರುವುದೂ ಇದೇ ಕಾರಣದಿಂದ.

ಅಯ್ಯಾವೊಳೆಯ ವರ್ತಕರು

ಹುನಗುಂದ ಸೀಮೆಯ ಐಹೊಳೆಯು ಇಂದು ದೇವಾಲಯಗಳಿಗೆ ಪ್ರಸಿದ್ಧ. ಅಲ್ಲಿಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. ೬೩೪-೩೫ರಲ್ಲಿ ರವಿಕೀರ್ತಿಯು ಬರೆಯಿಸಿದ ಶಾಸನವು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ವರ್ಣಿಸುತ್ತದೆ. ಹರ್ಷನ ಆನೆಗಳು ಬಿದ್ದುದು, ಪುರಿಯೆಂಬ ನಗರವನ್ನು ನೂರಾರು ನಾವೆಗಳಿಂದ ಮುತ್ತಿದುದು ಅದರಲ್ಲಿವೆ. ಪ್ರಶಸ್ತಿಶಾಸನಗಳ ರೀತಿಯೇ ಹಾಗೆ. ಅವುಗಳಲ್ಲಿ ಗೆದ್ದ ಅರಸನ ಹೆಸರುಂಟು, ಕಾವ್ಯ ಬರೆದ ಕವಿಯ ಹೆಸರುಂಟು. ನಾವೆಯ ಒಡೆಯನ, ಬಂಡಿಯ ಒಡೆಯನ ಹೆಸರಿಲ್ಲ.

ಆ ಒಡೆಯರ ಹೆಸರುಗಳನ್ನು ನಾವು ಬೇರೆ ಶಾಸನಗಳಲ್ಲಿ ಹುಡುಕಬೇಕು. ಇದೇ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘವು ಎಂಟನೆಯ ಶತಮಾನದಿಂದ ಹಲವು ನೂರು ವರ್ಷ ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿತು. ಸುಮಾತ್ರಾ ದ್ವೀಪದಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಬಳ್ಳಿಗಾವೆಯ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಅವರ ಸರಕುಗಳನ್ನು ಪಟ್ಟಿ ಮಾಡುತ್ತದೆ. ಮುತ್ತು, ಮಾಣಿಕ, ಗಂಧ, ಕರ್ಪೂರಗಳ ಜೊತೆಗೆ ಜಾತಿವಂತ ಕುದುರೆಗಳೂ ಆನೆಗಳೂ ಅದರಲ್ಲಿವೆ. ಸರಕು ಹೊರುವುದಕ್ಕೆ ಅವರಿಗೆ ಕತ್ತೆಗಳೂ ಕೋಣಗಳೂ ಇದ್ದವು. ಸೇನೆಗೆ ಬೇಕಾದ ಕುದುರೆ ಮತ್ತು ಸೇನೆಗೆ ಬೇಕಾದ ಸಾಗಣೆ, ಎರಡೂ ಈ ಸಂಘದ ಕೈಯಲ್ಲಿದ್ದವು. ಅರಸರು ಇವರಿಗೆ ಸುಂಕದ ವಿನಾಯಿತಿಗಳನ್ನು ಕೊಟ್ಟು ಗೌರವಿಸಿದುದರ ಹಿಂದೆ ಈ ಅವಲಂಬನೆಯೂ ಇತ್ತೆಂದು ತಿಳಿಯುವುದು ಯುಕ್ತ.

ಅರಸನು ವರ್ತಕನೊಡನೆ ಹೇಗೆ ನಡೆದುಕೊಳ್ಳಬಹುದೆಂಬುದಕ್ಕೆ ವಿಜಯನಗರದ ಒಂದು ದೃಷ್ಟಾಂತವನ್ನು ಇಲ್ಲಿ ಹೇಳಬೇಕು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಾರನೂ ಸ್ವತಃ ಕುದುರೆ ವ್ಯಾಪಾರಿಯೂ ಆಗಿದ್ದ ನೂನಿಜ್ ತಿಳಿಸುವಂತೆ, ಸಾಳುವ ನರಸಿಂಹನು ಸಮುದ್ರಮಾರ್ಗದಿಂದ ಬರುವ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನು. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಗೆ ಸಲ್ಲುವ ಬೆಲೆಯನ್ನೇ ಕೊಡುತ್ತಿದ್ದನು. ಇದು ಉದಾರತೆ ಮಾತ್ರವಲ್ಲ, ರಾಜನೀತಿಯೂ ಹೌದು. ಬೆಲೆ ಸಿಗುವುದೆಂಬ ನಂಬಿಕೆಯಿದ್ದಲ್ಲಿಗೆ ಕುದುರೆ ತಾನಾಗಿ ಬರುತ್ತದೆ. ಕಸಿದುಕೊಳ್ಳುವ ಊರಿನ ದಾರಿಯನ್ನು ವರ್ತಕನು ಬಿಟ್ಟುಬಿಡುತ್ತಾನೆ.

ದಂಡು ಹಾದುಹೋದ ಸೀಮೆ

ವಿಜಯನಗರದ ನಂತರ ನಮ್ಮ ಸೀಮೆಗೆ ಅಂಥ ನೆಮ್ಮದಿ ಉಳಿಯಲಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವಿನ ಈ ನೆಲ ಪುಣೆಗೂ ಶ್ರೀರಂಗಪಟ್ಟಣಕ್ಕೂ ಹೈದರಾಬಾದಿಗೂ ನಡುದಾರಿಯಾಯಿತು. ೧೭೮೬ರ ಬೇಸಿಗೆಯಲ್ಲಿ ಮರಾಠರ ಮತ್ತು ನಿಜಾಮನ ಕೂಡುಸೇನೆ ಟೀಪೂವಿನ ಅಧೀನದಲ್ಲಿದ್ದ ಬಾದಾಮಿಯನ್ನು ಮುತ್ತಿ ಮೇ ತಿಂಗಳಲ್ಲಿ ವಶಪಡಿಸಿಕೊಂಡಿತು. ೧೮೦೦ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೇನೆ ಮಲಪ್ರಭೆಯ ಕಡೆಗೆ ಬಂದಿತು. ಫೆಬ್ರವರಿ ೧೮೧೮ರಲ್ಲಿ ಥಾಮಸ್ ಮನ್ರೋ ಬಾದಾಮಿ ಮತ್ತು ಬಾಗಲಕೋಟೆಗಳನ್ನು ಪೇಶ್ವೆಯ ಕಡೆಯವರಿಂದ ತೆಗೆದುಕೊಂಡನು.

ಇಂಥ ಸೇನೆಗಳಿಗೆ ಧಾನ್ಯ ಪೂರೈಸುತ್ತಿದ್ದವರು ಮುಖ್ಯವಾಗಿ ಲಂಬಾಣಿಗಳು. ಸಾವಿರಾರು ಹೇರೆತ್ತುಗಳೊಡನೆ ಅವರು ದಂಡಿನ ಹಿಂದೆ ನಡೆಯುತ್ತಿದ್ದರು, ತಮ್ಮ ಲೆಕ್ಕದಲ್ಲಿ ಕೊಂಡು ಬೀಡಿನ ಪೇಟೆಯಲ್ಲಿ ಮಾರುತ್ತಿದ್ದರು. ವೆಲ್ಲೆಸ್ಲಿಯ ದಖ್ಖನಿನ ಯುದ್ಧಗಳು ಅವರ ಎತ್ತುಗಳನ್ನು ಬಹುಮಟ್ಟಿಗೆ ಅವಲಂಬಿಸಿದ್ದವು. ಅವರು ಸಾಲದಾದಾಗ ಊರಿನ ಬಂಡಿಯನ್ನು ಹಿಡಿಯುತ್ತಿದ್ದರು. ಬಿಟ್ಟಿ, ಬೇಗಾರಿ ಎಂಬ ಮಾತುಗಳು ಈ ಅನುಭವದಿಂದ ನಮ್ಮ ಭಾಷೆಯಲ್ಲಿ ನೆಲೆನಿಂತಿವೆ. ಬಿಟ್ಟಿಯಲ್ಲಿ ಹೋದ ಬಂಡಿಗೆ ಚೀಟಿಯಿಲ್ಲ, ದರವಿಲ್ಲ, ಮರಳುವ ದಿನವಿಲ್ಲ. ಕಂಪನಿ ಸರ್ಕಾರ ಬಂದ ಮೇಲೆ ದರ ಬಂದಿತು. ಆದರೆ ಸಾಹೇಬರ ದೌರೆಗೆ, ಪಲ್ಟಣದ ಪ್ರಯಾಣಕ್ಕೆ ಹಳ್ಳಿಯ ಬಂಡಿಗಳನ್ನು ಹಿಡಿದು ಕಳಿಸುವ ರೂಢಿ ಬಹುಕಾಲ ಉಳಿಯಿತು.

ಇದಕ್ಕೆ ಪರ್ಯಾಯವಾದ ದಾರಿಯನ್ನೂ ನಮ್ಮ ನಾಡು ಕಂಡಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ೧೭ನೇ ಶತಮಾನದ ಕೊನೆಯಲ್ಲಿ ಅರಮನೆಯ ಗೋಸಂಪತ್ತನ್ನು ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿ ವ್ಯವಸ್ಥೆಗೊಳಿಸಿದರು. ಹೈದರನು ಅದನ್ನು ಸೇನೆಯ ಸಾಗಣೆಗೆ ಬಳಸಿದನು, ಟೀಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ತೋಪು ಎಳೆಯುವ ಎತ್ತುಗಳನ್ನು ರಾಜ್ಯವೇ ತನ್ನ ಕಾವಲುಗಳಲ್ಲಿ ಸಾಕಿದರೆ ಒಕ್ಕಲಿಗನ ನೇಗಿಲೆತ್ತನ್ನು ಬಿಚ್ಚುವ ಪ್ರಸಂಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಯುದ್ಧ ಒಳ್ಳೆಯದೆಂದು ಇದರಿಂದ ಸಿದ್ಧವಾಗುವುದಿಲ್ಲ. ಮುಂದಾಲೋಚನೆಯಿರುವ ರಾಜ್ಯವು ಪ್ರಜೆಯ ಕೊಟ್ಟಿಗೆಗೆ ಕೈ ಹಾಕುವುದು ಕಡಿಮೆ ಎಂಬುದಷ್ಟೇ ಸಿದ್ಧವಾಗುತ್ತದೆ.

ಮರಳಿ ಬಾರದ ಕುದುರೆಗಳು

೧೯೧೪ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಇಂಗ್ಲೆಂಡಿನಲ್ಲಿ ಒಂದು ಕಾನೂನು ಸಿದ್ಧವಾಗಿಯೇ ಇತ್ತು. ಅದರಂತೆ ಮೊದಲ ಕೆಲವು ವಾರಗಳಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕು ಕುದುರೆಗಳನ್ನು ಹೊಲಗಳಿಂದ, ಹಾಲು, ಕಲ್ಲಿದ್ದಲು ಸಾಗಿಸುವ ವರ್ತಕರ ಲಾಯಗಳಿಂದ ಬೆಲೆ ಕಟ್ಟಿ ಒಯ್ದರು. ತಲೆಮಾರುಗಳಿಂದ ನಡೆದುಬಂದ ಎಷ್ಟೋ ಸಣ್ಣ ವ್ಯಾಪಾರಗಳು ಒಂದೇ ದಿನದಲ್ಲಿ ನಿಂತವು. ಆಸ್ಟ್ರೇಲಿಯದಿಂದ ಹೊರದೇಶದ ರಣರಂಗಗಳಿಗೆ ಹೋದ ಕುದುರೆಗಳು ಸುಮಾರು ೧,೩೬,೦೦೦. ತವರಿಗೆ ಮರಳಿದುದು ಸ್ಯಾಂಡಿ ಎಂಬ ಒಂದೇ ಒಂದು ಕುದುರೆ.

ಭಾರತದಿಂದಲೂ ಆ ಯುದ್ಧಕ್ಕೆ ಸುಮಾರು ೧ ಲಕ್ಷ ೭೨ ಸಾವಿರ ಪ್ರಾಣಿಗಳು ಹೋದವು. ಕುದುರೆ, ಹೇಸರಗತ್ತೆ, ಒಂಟೆ, ಎತ್ತು, ಎಲ್ಲವೂ ಇದರಲ್ಲಿ ಸೇರಿದ್ದವು. ಪೂರ್ವ ಆಫ್ರಿಕದ ಕಾಡುಗಳಲ್ಲಿ ಗುಂಡಿಗಿಂತ ಹೆಚ್ಚಾಗಿ ತ್ಸೆತ್ಸೆ ನೊಣದ ರೋಗವೇ ಪ್ರಾಣಿಗಳನ್ನು ಕೊಂದಿತು. ೨೩ ಸೆಪ್ಟೆಂಬರ್ ೧೯೧೮ರಂದು ಪ್ಯಾಲೆಸ್ತೀನಿನ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದ ಜೊತೆ ಮೈಸೂರಿನ ಲ್ಯಾನ್ಸರ್ಸ್ ದಳವೂ ಇತ್ತು. ಆ ಸವಾರರ ಪರಾಕ್ರಮವನ್ನು ನಾಡು ನೆನೆಯುತ್ತದೆ, ನೆನೆಯುವುದು ಉಚಿತ. ಕುದುರೆಗಳ ಗತಿಯನ್ನು ನೆನೆಯುವವರು ವಿರಳ.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಯು ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿಯೇ ಮಾರಿತು. ಹನ್ನೆರಡು ವರ್ಷಗಳ ತರುವಾಯ, ೧೯೩೦ರಲ್ಲಿ, ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಮಹಿಳೆ ಅವುಗಳಲ್ಲಿ ಉಳಿದಿದ್ದವನ್ನು ಬೀದಿಗಳಲ್ಲಿ ಕಂಡರು. ಮುಪ್ಪಿನಿಂದ, ಗಾಯಗಳಿಂದ, ಹಸಿವಿನಿಂದ ಬಳಲುತ್ತ ಅವು ಇನ್ನೂ ಬಂಡಿ ಎಳೆಯುತ್ತಿದ್ದವು. ಆಕೆ ಪತ್ರಿಕೆಯ ಮೂಲಕ ಹಣ ಬೇಡಿ ಸುಮಾರು ೫,೦೦೦ ಕುದುರೆಗಳನ್ನು ಬಿಡಿಸಿಕೊಂಡರು, ೧೯೩೪ರಲ್ಲಿ ಅಲ್ಲಿ ಪ್ರಾಣಿಗಳ ಆಸ್ಪತ್ರೆಯನ್ನು ಸ್ಥಾಪಿಸಿದರು. ಬಳಲಿದ ಬಹುಪಾಲು ಕುದುರೆಗಳಿಗೆ ಅವರು ನೋವಿಲ್ಲದ ಮರಣವನ್ನು ಕೊಡಿಸಿದರೆಂಬುದು ನಮ್ಮ ದೃಷ್ಟಿಗೆ ಒಪ್ಪುವ ವಿಷಯವಲ್ಲ. ಪಾಂಜರಪೋಳಗಳನ್ನು ನಡೆಸಿಕೊಂಡು ಬಂದ ಸಮಾಜ ನಮ್ಮದು. ಆದರೆ ಒಂದು ಸರ್ಕಾರವು ಬೆಲೆಪಟ್ಟಿಯಲ್ಲಿ ಮುಗಿಸಿದ ಲೆಕ್ಕ ನಿಜವಾಗಿ ಮುಗಿದಿರಲಿಲ್ಲವೆಂಬುದನ್ನು ಆಕೆ ಜಗತ್ತಿಗೆ ತೋರಿಸಿದರು. ಕುದುರೆಯ ಬೆಲೆ ಒಡೆಯನಿಗೆ ಸಂದಿತ್ತು. ಕುದುರೆಗೆ ಏನೂ ಸಂದಿರಲಿಲ್ಲ.

ನಮ್ಮ ಸೀಮೆಗೆ ಈ ಯುದ್ಧದ ಬಿಸಿ ರೈಲಿನ ಮೂಲಕ ತಟ್ಟಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದವು. ೧೮೮೪ರಲ್ಲಿ ಆರಂಭವಾದ ಗದಗ-ಹೊಟಗಿ ಮಾರ್ಗವೇ ಬಾದಾಮಿ ಮತ್ತು ಬಾಗಲಕೋಟೆಯ ಹತ್ತಿಗೆ ಹೊರದಾರಿ. ಅದು ಮೀಟರ್ ಗೇಜ್ ಮಾರ್ಗ. ಮೆಸೊಪೊಟೇಮಿಯದಲ್ಲಿ ಸೇನೆಗಾಗಿ ಹಾಕಿದ ರೈಲಿಗೂ ಭಾರತದಿಂದ ಮೀಟರ್ ಗೇಜಿನ ಎಂಜಿನ್ನು, ವ್ಯಾಗನ್, ಹಳಿಗಳನ್ನೇ ಒಯ್ದರು. ದೇಶದಲ್ಲೆಲ್ಲ ವ್ಯಾಗನ್ನುಗಳ ಅಭಾವ ಉಂಟಾಗಿ ಉಪ್ಪು, ಸೀಮೆಎಣ್ಣೆ, ಬಟ್ಟೆಗಳ ಬೆಲೆ ಏರಿತು. ವರ್ತಕನ ಅಂಗಳದ ಬಂಡಿಯನ್ನು ಯಾರೂ ಮುಟ್ಟದಿದ್ದರೂ ಬಂಡಿ ತಲುಪಬೇಕಾದ ನಿಲ್ದಾಣದಲ್ಲಿ ವ್ಯಾಗನ್ ಇಲ್ಲದಿದ್ದರೆ ಫಲ ಒಂದೇ.

ಎಪ್ಪತ್ತೈದು-ಎ ನಿಯಮ

ಎರಡನೆಯ ಮಹಾಯುದ್ಧದ ಹೊತ್ತಿಗೆ ವ್ಯಾಪಾರದ ವಾಹನ ಬದಲಾಗಿತ್ತು. ರೈಲಿಲ್ಲದ ಇಳಕಲ್ಲ, ಹುನಗುಂದಗಳಿಗೆ ಚಕ್ಕಡಿಯ ಜೊತೆಗೆ ಮೋಟಾರು ಬಸ್ಸು, ಲಾರಿಗಳೂ ಆಧಾರವಾಗಿದ್ದವು. ಇಳಕಲ್ಲದ ಮಗ್ಗಗಳಿಗೆ ನೂಲು ಮತ್ತು ರೇಷ್ಮೆ ಹೊರಗಿನಿಂದ ಬರಬೇಕು, ನೇಯ್ದ ಸೀರೆ ಹೊರಗೆ ಹೋಗಬೇಕು.

ಸೆಪ್ಟೆಂಬರ್ ೧೯೩೯ರಲ್ಲಿ ಭಾರತ ರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಅದರಡಿಯ ನಿಯಮಗಳಲ್ಲಿ ೭೫-ಎ ಎಂಬುದು ಸರ್ಕಾರಕ್ಕೆ ಯಾವುದೇ ಸ್ಥಿರ ಅಥವಾ ಚರ ಆಸ್ತಿಯನ್ನು ಲಿಖಿತ ಆದೇಶದಿಂದ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಲಾರಿ, ಬಸ್ಸು, ಕಾರು, ದೋಣಿ, ಪ್ರಾಣಿ ಎಲ್ಲವೂ ಚರ ಆಸ್ತಿಯೇ. ಈ ನಿಯಮದ ಮೂರು ಅಂಶಗಳನ್ನು ನಮ್ಮ ವಾಚಕರು ಗಮನಿಸಬೇಕು.

ಮೊದಲನೆಯದು, ಆದೇಶ ಬರಹದಲ್ಲಿರಬೇಕು ಎಂಬುದು. ಬಿಟ್ಟಿಯ ಕಾಲಕ್ಕೂ ಈ ಕಾಲಕ್ಕೂ ಇರುವ ಮುಖ್ಯ ಅಂತರ ಈ ಕಾಗದವೇ. ಕಾಗದವಿದ್ದಲ್ಲಿ ಹೊಣೆಯಿರುತ್ತದೆ, ಮುಂದೆ ಕೇಳುವುದಕ್ಕೆ ಆಸ್ಪದವಿರುತ್ತದೆ.

ಎರಡನೆಯದು ಪರಿಹಾರದ ಕ್ರಮ. ಸ್ಥಿರಾಸ್ತಿಯ ವಿಷಯದಲ್ಲಿ ಒಪ್ಪಂದವಾಗದಿದ್ದರೆ ಪಂಚರ ಮುಂದೆ ಹೋಗುವ ದಾರಿ ಕಾಯಿದೆಯಲ್ಲಿತ್ತು. ಚರ ಆಸ್ತಿಗಾದರೋ ಸರ್ಕಾರ ತಾನೇ ನಿರ್ಧರಿಸಿದಷ್ಟು ಪರಿಹಾರ. ಕೊಳ್ಳುವವನೇ ಬೆಲೆ ಹೇಳುವ ವ್ಯವಹಾರಕ್ಕೆ ಪೇಟೆಯಲ್ಲಿ ಯಾವ ಹೆಸರಿದೆಯೆಂಬುದನ್ನು ವರ್ತಕರಿಗೆ ತಿಳಿಸಬೇಕಾಗಿಲ್ಲ. ಲಾರಿ ಹೋದಾಗ ಮನೆತನದ ವ್ಯಾಪಾರಕ್ಕೆ ಮೂರು ಬಗೆಯ ನಷ್ಟವಾಗುತ್ತದೆ. ಗಾಡಿಯ ಬೆಲೆ ಒಂದು, ಆ ಅವಧಿಯ ದುಡಿಮೆ ಇನ್ನೊಂದು, ಕಾಯದೆ ಬೇರೆಡೆಗೆ ಹೋದ ಗಿರಾಕಿ ಮೂರನೆಯದು. ಗಾಡಿಯ ಬೆಲೆಗೆ ಸವಕಳಿ ಕಳೆದು ಅಂಕಿ ಹಾಕಬಹುದು, ದುಡಿಮೆಗೆ ಬಾಡಿಗೆ ಗೊತ್ತುಮಾಡಬಹುದು. ಹೋದ ಗಿರಾಕಿಗೆ ಯಾವ ಅಧಿಕಾರಿಯೂ ಅಂಕಿ ಹಾಕುವುದಿಲ್ಲ.

ಮೂರನೆಯದು, ಧಾರ್ಮಿಕ ಪೂಜೆಗೆ ಬಳಸುವ ಆಸ್ತಿಯನ್ನು ವಶಪಡಿಸಿಕೊಳ್ಳಕೂಡದೆಂಬ ವಿನಾಯಿತಿ. ಬಸದಿಗಳ ವಿಶ್ವಸ್ತರು ಇದರ ಮಾತುಗಳನ್ನು ಎಚ್ಚರದಿಂದ ಓದಬೇಕು. ವಿನಾಯಿತಿ ಇದ್ದುದು ಪೂಜೆಗೆ ಬಳಸುವ ವಸ್ತುವಿಗೆ, ಬಸದಿಯ ಹೆಸರಿನಲ್ಲಿರುವ ಎಲ್ಲ ವಸ್ತುವಿಗಲ್ಲ. ದೇವರ ರಥವನ್ನು ಕಾಪಾಡುವ ಮಾತಿನ ಮರೆಯಲ್ಲಿ ಶೆಟ್ಟರ ಲಾರಿಯನ್ನು ಬಸದಿಯ ಆವರಣದಲ್ಲಿ ನಿಲ್ಲಿಸಿದರೆ ಅದು ಸತ್ಯಾಣುವ್ರತಕ್ಕೂ ಕೇಡು, ಬಸದಿಗೂ ಕೇಡು. ಧರ್ಮಸ್ಥಳಕ್ಕೆ ಸಮಾಜವು ಕೊಟ್ಟ ಗೌರವವನ್ನು ಸ್ವಂತ ಆಸ್ತಿಯ ರಕ್ಷಣೆಗೆ ವ್ಯಯ ಮಾಡುವುದು ನಿರ್ಮಾಲ್ಯವನ್ನು ಮನೆಗೆ ಒಯ್ದಂತೆ.

ವಶಪಡಿಸಿಕೊಳ್ಳದೆ ಉಳಿದ ವಾಹನಗಳೂ ಸುಲಭವಾಗಿ ಓಡಲಿಲ್ಲ. ಆಗಸ್ಟ್ ೧೯೪೧ರಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ೧೯೪೨ರ ಆರಂಭದಲ್ಲಿ ಮಲಯ, ಸಿಂಗಪುರ, ರಂಗೂನುಗಳು ಜಪಾನಿನ ವಶವಾದವು. ಮಲಯದ ರಬ್ಬರೂ ಬರ್ಮಾದ ಎಣ್ಣೆಯೂ ಒಟ್ಟಿಗೆ ನಿಂತವು. ಟಯರಿಗೆ ಪರವಾನಿಗೆ ಬೇಕಾಯಿತು. ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಎಂಜಿನ್ ನಡೆಸುವ ಪದ್ಧತಿ ಬಂದಿತು. ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನಡೆಯುವುದು ಸಾಮಾನ್ಯವಾಯಿತು. ೧೯೪೩ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ಹೊರಟಿತು. ಲಾರಿಯ ಕೆಲಸವನ್ನು ಮತ್ತೆ ಎತ್ತು ಮಾಡಬೇಕಾಯಿತು. ಯಂತ್ರದ ಮೇಲಿನ ಹೊರೆಯನ್ನು ಇಳಿಸಿದಾಗ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಅತಿಭಾರಾರೋಪಣದ ಸೂತ್ರವನ್ನು ಬಲ್ಲವರು ಮರೆಯಬಾರದು.

ಸೇಠ್ ವಾಲ್‌ಚಂದರ ಕಾರ್ಖಾನೆ

ಯುದ್ಧಕಾಲದಲ್ಲಿ ಜೈನ ವರ್ತಕ ಮನೆತನದ ಉದ್ಯಮವನ್ನು ಸರ್ಕಾರ ತೆಗೆದುಕೊಂಡುದಕ್ಕೆ ಕರ್ನಾಟಕದಲ್ಲಿಯೇ ದೊಡ್ಡ ದೃಷ್ಟಾಂತವಿದೆ. ನಮ್ಮ ರೈಲುಮಾರ್ಗದ ಇನ್ನೊಂದು ತುದಿಯ ಹೊಟಗಿಗೆ ಹತ್ತಿರದ ಸೊಲ್ಲಾಪುರದಲ್ಲಿ ನೆಲೆಸಿದ್ದ ಹೂಮಡ ಜೈನ ಮನೆತನದಲ್ಲಿ ೧೮೮೨ರಲ್ಲಿ ಜನಿಸಿದವರು ಸೇಠ್ ವಾಲ್‌ಚಂದ್ ಹೀರಾಚಂದ್. ಅವರು ಮತ್ತು ಮಿತ್ರರು ೧೯೧೯ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಅದರ ಮೊದಲ ಹಡಗು ಲಾಯಲ್ಟಿ, ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿದ್ದ ನೌಕೆ, ೫ ಏಪ್ರಿಲ್ ೧೯೧೯ರಂದು ಮುಂಬಯಿಯಿಂದ ಹೊರಟಿತು. ಎರಡನೆಯ ಯುದ್ಧದಲ್ಲಿ ಭಾರತೀಯ ಕಂಪನಿಗಳ ಹಡಗುಗಳನ್ನು ಸರ್ಕಾರ ತನ್ನ ಸೇವೆಗೆ ತೆಗೆದುಕೊಂಡಾಗ ಸಿಂಧಿಯಾದ ಹಡಗುಗಳೂ ಹೋದವು. ಕೆಲವು ಶತ್ರುಗಳ ದಾಳಿಯಲ್ಲಿ ಮುಳುಗಿದವು.

ಡಿಸೆಂಬರ್ ೧೯೪೦ರಲ್ಲಿ ವಾಲ್‌ಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಭಾರತ ಸರ್ಕಾರ ೧೯೪೧ರಲ್ಲಿ ಮೂರನೆಯ ಒಂದು ಪಾಲು ಪಡೆಯಿತು. ೧೯೪೨ರ ಏಪ್ರಿಲ್‌ನಲ್ಲಿ, ಜಪಾನೀ ವಿಮಾನಗಳು ಬಂಗಾಳಕೊಲ್ಲಿಯ ದಡಕ್ಕೆ ಬಂದ ತಿಂಗಳಿನಲ್ಲಿಯೇ, ಸರ್ಕಾರವು ವಾಲ್‌ಚಂದರ ಮತ್ತು ಇತರ ಪ್ರವರ್ತಕರ ಪಾಲುಗಳನ್ನು ಕೊಂಡುಕೊಂಡಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಮಾರಲಿಲ್ಲ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ೧೯೪೩ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ನಿರ್ವಹಣೆಗೆ ಹೋಗಿ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಇಂದಿನ ಎಚ್.ಎ.ಎಲ್. ಸಂಸ್ಥೆಯ ಮೂಲ ಇದೇ.

ಪಾಲಿಗೆ ಬೆಲೆ ಸಂದಿತು; ಆದುದರಿಂದ ಇದನ್ನು ಕಸಿದುಕೊಂಡರೆಂದು ಹೇಳಲಾಗದು. ಆದರೆ ಸೇನೆಯ ಅವಸರದ ಮುಂದೆ ಒಬ್ಬ ಉದ್ಯಮಿ ಮಾರುವುದಿಲ್ಲವೆನ್ನುವ ಸ್ವಾತಂತ್ರ್ಯ ಎಷ್ಟರದು? ಬೆಲೆ ಕೊಟ್ಟ ಮಾತ್ರಕ್ಕೆ ಅದು ಪೂರ್ಣ ದತ್ತವಾಗುವುದಿಲ್ಲ. ಇಚ್ಛೆ ಪೂರ್ಣವಾಗಿಲ್ಲದ ಮಾತ್ರಕ್ಕೆ ಅದತ್ತವೂ ಆಗುವುದಿಲ್ಲ. ದತ್ತ ಮತ್ತು ಅದತ್ತಗಳ ನಡುವಿನ ಈ ಜಾಗವನ್ನು ನ್ಯಾಯವಾದ ಕಾನೂನು, ನ್ಯಾಯವಾದ ಬೆಲೆಗಳು ಮಾತ್ರ ತುಂಬಬಲ್ಲವು. ವಾಲ್‌ಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ ಮುಂದೆ ನಡೆದರು; ಸಾವಿರ ಲಾರಿಗಳ ಒಡೆಯನಿಗೆ ಅದು ಸಾಧ್ಯ. ಒಂದೇ ಲಾರಿಯುಳ್ಳವನಿಗೆ ಹಾಗಾಗುವುದಿಲ್ಲ.

ವಂಗದೇಶದ ದೋಣಿಗಳು

ಬೆಲೆಯ ಮಾತು ಇದ್ದರೂ ವಿವೇಕವಿಲ್ಲದ ವಶಪಡಿಕೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ೧೯೪೨ರ ಬಂಗಾಳ ಸಾಕ್ಷಿ. ಜಪಾನೀಯರು ಬಂದರೆ ಅವರಿಗೆ ಸಾಗಣೆ ಸಿಗಬಾರದೆಂದು ಕರಾವಳಿ ಜಿಲ್ಲೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಹಿಡಿಯುವ ದೋಣಿಗಳನ್ನು ತೆಗೆದುಹಾಕಲು ಆಜ್ಞೆಯಾಯಿತು. ನೋಂದಾಯಿಸಿದ ಸುಮಾರು ೬೬ ಸಾವಿರ ದೋಣಿಗಳ ಪೈಕಿ ೪೫ ಸಾವಿರಕ್ಕೂ ಮಿಕ್ಕು ದೋಣಿಗಳು ಜನರ ಕೈಬಿಟ್ಟುಹೋದವು. ಪರಿಹಾರ ಕೊಡಲಾಯಿತು. ಆದರೆ ಆ ನಾಡಿನಲ್ಲಿ ದೋಣಿಯೇ ಬಂಡಿ, ದೋಣಿಯೇ ನೇಗಿಲು. ಮೀನುಗಾರನು ಮೀನು ಹಿಡಿಯಲಾರದೆ, ಕುಂಬಾರನು ಮಡಕೆ ಒಯ್ಯಲಾರದೆ, ವರ್ತಕನು ಅಕ್ಕಿ ಸಾಗಿಸಲಾರದೆ ನಿಂತರು. ಮರುವರ್ಷದ ಮಹಾಕ್ಷಾಮಕ್ಕೆ ಕಾರಣಗಳು ಹಲವಿದ್ದವು. ಈ ದೋಣಿಗಳ ಕೊರತೆಯೂ ಅವುಗಳಲ್ಲೊಂದು. ಒಡೆಯನ ಕೈಗೆ ಬಂದ ಹಣ ಹಸಿದವನ ಬಾಯಿಗೆ ಅನ್ನವಾಗಲಿಲ್ಲ. ಸಾಗಣೆಯ ವಾಹನವು ಅದರ ಒಡೆಯನೊಬ್ಬನ ಆಸ್ತಿಯಲ್ಲ, ಅದನ್ನು ನಂಬಿದ ಊರಿನ ಜೀವನಾಡಿಯೂ ಹೌದೆಂಬ ಪಾಠವನ್ನು ಸರ್ಕಾರಗಳೂ ವರ್ತಕರೂ ಇದರಿಂದ ಕಲಿಯಬೇಕು.

ಸ್ವತಂತ್ರ ಭಾರತದ ಕ್ರಮ

೧೯೫೦ರ ಸಂವಿಧಾನದ ೨೩ನೇ ಅನುಚ್ಛೇದ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿತು. ಇಂದು ೩೦೦-ಎ ಅನುಚ್ಛೇದದಂತೆ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ. ೧೯೬೫ರ ಯುದ್ಧದಲ್ಲಿ ಪಂಜಾಬದ ಲಾರಿ ಚಾಲಕರು ಗುಂಡಿನ ಮಳೆಯ ನಡುವೆ ಸೇನೆಗೆ ಸಾಮಾನು ಮುಟ್ಟಿಸಿದುದನ್ನು ದೇಶ ಕೃತಜ್ಞತೆಯಿಂದ ಸ್ಮರಿಸುತ್ತದೆ.

ಈಗ ಸಾಮಾನ್ಯ ವರ್ತಕನಿಗೆ ವಶಪಡಿಕೆಯ ಅನುಭವವಾಗುವುದು ಯುದ್ಧದಲ್ಲಲ್ಲ, ಚುನಾವಣೆಯಲ್ಲಿ. ೧೯೫೧ರ ಜನತಾ ಪ್ರಾತಿನಿಧ್ಯ ಕಾಯಿದೆಯ ೧೬೦ನೇ ಕಲಮಿನಂತೆ ಮತಪೆಟ್ಟಿಗೆ, ಸಿಬ್ಬಂದಿ, ಪೊಲೀಸರ ಸಾಗಣೆಗಾಗಿ ಖಾಸಗಿ ವಾಹನಗಳನ್ನು ಲಿಖಿತ ಆದೇಶದಿಂದ ಪಡೆಯಬಹುದು. ೧೬೧ನೇ ಕಲಮಿನಂತೆ ಆ ಪ್ರದೇಶದಲ್ಲಿ ನಡೆಯುವ ಬಾಡಿಗೆಯ ಆಧಾರದ ಮೇಲೆ ಪರಿಹಾರ ಕೊಡಬೇಕು; ಒಪ್ಪದವನಿಗೆ ಪಂಚರ ನಿರ್ಣಯ ಕೇಳುವ ಹಕ್ಕಿದೆ. ೧೯೪೨ರಲ್ಲಿ ಲಾರಿಯ ಒಡೆಯನಿಗೆ ಇಲ್ಲದಿದ್ದ ಹಕ್ಕು ಇದು. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯ ೬೫ ಮತ್ತು ೬೬ನೇ ಕಲಮುಗಳಲ್ಲಿಯೂ ವಶಪಡಿಕೆ ಮತ್ತು ಪರಿಹಾರ ಜೊತೆಯಾಗಿಯೇ ಇವೆ. ನಮ್ಮ ಅಡತಿ ಅಂಗಡಿಯ ಲಾರಿಯೂ ಚುನಾವಣೆಗೆ ಎರಡು ಸಲ ಹೋಗಿದೆ. ಒಮ್ಮೆ ಬಾಡಿಗೆ ಕೈಗೆ ಬರಲು ಒಂದು ಕಚೇರಿಗೆ ಹಲವು ತಿಂಗಳು ಅಲೆಯಬೇಕಾಯಿತು. ಆದರೆ ಆದೇಶದ ಪ್ರತಿ ಮತ್ತು ಲಾಗ್ ಪುಸ್ತಕ ನಮ್ಮಲ್ಲಿದ್ದುದರಿಂದ ಕೊನೆಗೆ ಪೂರ್ಣ ಬಂದಿತು. ಕಾನೂನು ನ್ಯಾಯವನ್ನು ಬರೆದಿಡುತ್ತದೆ. ಅದನ್ನು ಪಡೆಯಲು ವರ್ತಕನು ತನ್ನ ಕಾಗದವನ್ನು ಇಟ್ಟುಕೊಂಡಿರಬೇಕು.

ಶ್ರಾವಕನ ಲೆಕ್ಕ

ಆರಂಭದ ಎರಡು ಪ್ರಶ್ನೆಗಳಿಗೆ ಈಗ ಬರೋಣ. ರಾಜ್ಯದ ವಶಪಡಿಕೆ ಅದತ್ತಾದಾನವೇ? ಬರಹವಿಲ್ಲದೆ, ಬೆಲೆಯಿಲ್ಲದೆ, ಅಗತ್ಯ ತೀರಿದ ಮೇಲೆಯೂ ಮರಳಿಸದೆ ಇಟ್ಟುಕೊಂಡರೆ ಅದು ಕಳವೇ. ಕಿರೀಟವಿದ್ದರೂ ಮುದ್ರೆಯಿದ್ದರೂ ಅದರ ಸ್ವರೂಪ ಬದಲಾಗದು. ಎಲ್ಲರಿಗೂ ಸಮಾನವಾದ ಕಾನೂನು, ಲಿಖಿತ ಆದೇಶ, ಪೇಟೆಯ ದರ, ಮೂರನೆಯವನ ಮುಂದೆ ಕೇಳಿಕೊಳ್ಳುವ ಅವಕಾಶ ಇಷ್ಟಿದ್ದರೆ ಅದು ಸಮಾಜದಲ್ಲಿ ಬಾಳುವವನು ಸಮಾಜಕ್ಕೆ ಮೊದಲೇ ಒಪ್ಪಿಕೊಟ್ಟ ಪಾಲು. ಸಾವಿರ ವರ್ಷಗಳ ಇತಿಹಾಸವು ಮೊದಲನೆಯದರಿಂದ ಎರಡನೆಯದರ ಕಡೆಗೆ ನಿಧಾನವಾಗಿ ನಡೆದಿದೆ.

ಇನ್ನು ಶ್ರಾವಕನ ನಡತೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದು ಒಂದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುವಾಗ, ರಾಜ್ಯವು ಕಲಹದಲ್ಲಿರುವ ಕಾಲದಲ್ಲಿ ಉಚಿತವಾದ ನ್ಯಾಯವನ್ನು ಬಿಟ್ಟು ಕೊಡುವುದು ಕೊಳ್ಳುವುದು, ಬೆಲೆಬಾಳುವುದನ್ನು ಅಲ್ಪ ಬೆಲೆಗೆ ಹೊಡೆದುಕೊಳ್ಳಲು ಯತ್ನಿಸುವುದು ಎಂಬ ಅರ್ಥವನ್ನು ತಿಳಿಸಿದ್ದಾರೆ. ಯುದ್ಧಕಾಲದ ಕಾಳಸಂತೆಯನ್ನು ಕುರಿತು ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ. ನೆರೆಯವನ ಲಾರಿ ಹೋದಾಗ ತನ್ನ ಲಾರಿಯ ಬಾಡಿಗೆಯನ್ನು ಮೂರು ಪಟ್ಟು ಮಾಡುವವನು, ಟಯರನ್ನು ಬಚ್ಚಿಟ್ಟು ಅಭಾವದಲ್ಲಿ ಮಾರುವವನು, ಒಳ್ಳೆಯ ಎತ್ತನ್ನು ಅಡಗಿಸಿ ಕುಂಟೆತ್ತನ್ನು ಒಪ್ಪಿಸುವವನು ಕಾನೂನಿನ ಕಣ್ಣು ತಪ್ಪಿಸಿಕೊಳ್ಳಬಹುದು, ವ್ರತಭಂಗದಿಂದ ತಪ್ಪಿಸಿಕೊಳ್ಳಲಾರನು. ಅನ್ಯಾಯವಾದ ಬೆಲೆಯನ್ನು ಅರ್ಜಿಯಿಂದ, ಪಂಚಾಯಿತಿಯಿಂದ, ನ್ಯಾಯಾಲಯದಿಂದ ಪ್ರಶ್ನಿಸುವುದು ವ್ರತಕ್ಕೆ ವಿರೋಧವಲ್ಲ. ಸುಳ್ಳು ಲೆಕ್ಕದಿಂದ ಸರಿದೂಗಿಸಿಕೊಳ್ಳುವುದು ವಿರೋಧ.

ಯುದ್ಧಕ್ಕೆ ಒಯ್ದ ವಾಹನದಿಂದಾಗುವ ಹಿಂಸೆಯ ಪಾಲು ಒಡೆಯನಿಗೆ ಎಷ್ಟು ಎಂದು ಕೇಳುವವರುಂಟು. ತಾನಾಗಿ ಲಾಭಕ್ಕಾಗಿ ಮುಂದೊಡ್ಡಿದವನಿಗೂ ಆಜ್ಞೆಯಿಂದ ಬಿಟ್ಟುಕೊಟ್ಟವನಿಗೂ ಭಾವದಲ್ಲಿ ಅಂತರವಿದೆ. ಕರ್ಮಬಂಧವು ಭಾವವನ್ನು ಅನುಸರಿಸುತ್ತದೆ. ಆದರೆ ಪ್ರಾಣಿಯ ವಿಷಯದಲ್ಲಿ ಒಡೆಯನ ಹೊಣೆ ಪಾವತಿಯೊಡನೆ ಮುಗಿಯುವುದಿಲ್ಲ. ಲಾರಿ ಜಡ, ಎತ್ತು ಪಂಚೇಂದ್ರಿಯ ಜೀವ. ಕೊಟ್ಟು ಕಳಿಸುವಾಗ ಅದರ ಮೇವು, ಅದರ ಹೊರೆ, ಅದರ ಮುಪ್ಪಿನ ಬಗ್ಗೆ ಮಾತು ಮಾಡಿಕೊಳ್ಳುವುದು, ಮರಳಿ ಬಂದರೆ ದುಡಿಸದೆ ಸಲಹುವುದು ಒಡೆಯನ ಧರ್ಮ. ಕಿರ್ದಿಯಲ್ಲಿ ಕುದುರೆಯ ಹೆಸರಿನ ಮುಂದೆ ಬೆಲೆ ಜಮೆಯಾದ ಮೇಲೆಯೂ ಉಳಿಯುವ ಬಾಕಿ ಅದು.

ಆನಂದ ಶ್ರಾವಕನು ಸಾವಿರ ಬಂಡಿಗಳ ಮೇಲೆ ಒಂದೂ ಬೇಡವೆಂದು ತಾನೇ ಗೆರೆ ಹಾಕಿಕೊಂಡಿದ್ದನು. ಅಂಥವನ ಮನೆಗೆ ರಾಜ್ಯದ ಆದೇಶ ಬಂದರೆ ನಷ್ಟವಾಗಬಹುದು, ಕಳವಳವಾಗಲಾರದು. ಬಚ್ಚಿಡುವುದಕ್ಕೆ ಅವನಲ್ಲಿ ಲೆಕ್ಕಕ್ಕೆ ಸೇರದ ಬಂಡಿಯಿಲ್ಲ. ನಮ್ಮ ಮನೆತನಗಳೂ ಬಸದಿಗಳ ಆಡಳಿತ ಮಂಡಳಿಗಳೂ ಪ್ರತಿವರ್ಷ ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳಿಗೆ ಪೂಜೆ ಮಾಡುವಾಗ ತಮ್ಮಲ್ಲಿರುವ ವಾಹನಗಳು, ಅವುಗಳ ಕಾಗದಗಳು, ಅವುಗಳ ಅಗತ್ಯ ಇವುಗಳನ್ನು ಒಮ್ಮೆ ಎಣಿಸಿ ಬರೆದಿಡುವ ಪದ್ಧತಿಯನ್ನು ಇಟ್ಟುಕೊಂಡರೆ ಅದು ವ್ರತಕ್ಕೂ ಹಿತ, ವ್ಯವಹಾರಕ್ಕೂ ಹಿತ.